ಕರೆಂಟಿಲ್ಲದ ದಿನದ ಪುರಾವೆ

ಪತ್ರಿಕೆಯ ಒಳಪುಟದಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ತಲೆಬರಹದ ಕೆಳಗೆ ಬಡಾವಣೆಗಳ ಹೆಸರು ಸಾಲಾಗಿ ಬರುತ್ತದಲ್ಲ, ಅದನ್ನು ಓದಿ ಮೈಸೂರಿನ ಮಂದಿ ಎರಡು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಮನೆಯವರು ಟ್ಯಾಂಕಿಗೆ ನೀರು ತುಂಬಿಸಿ, ದೋಸೆಗೆ ರುಬ್ಬಿಟ್ಟುಕೊಳ್ಳುತ್ತಾರೆ. ವೈರಿಂಗ್ ಕಂಟ್ರಾಕ್ಟರುಗಳು ಆಟೋದ ಮೇಲೆ ಏಣಿ ಕಟ್ಟುತ್ತಾರೆ. ಇಡೀ ಬೀದಿಯೇ ಸತ್ತು ಬಿದ್ದಿರುವ ದಿನಕ್ಕಿಂತ ಕ್ಷೇಮದ ದಿನ ಇನ್ನೊಂದಿಲ್ಲ ಎಂಬುದು ಈ ಕಸುಬಿನ ನಂಬಿಕೆ. ನನ್ನ ಸೋದರಮಾವನ ನಂಬಿಕೆಯೂ ಅದೇ ಆಗಿತ್ತು. ಅದು ಎಲ್ಲಿ ಟೊಳ್ಳು ಎಂದು ನನಗೆ ಹೊಳೆದದ್ದು ಅವರ ಎರಡೂ ಕೈ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಇದ್ದಾಗ.

ಮಾವನ ಆಫೀಸು ಮಂಡಿ ಮೊಹಲ್ಲಾದಲ್ಲಿ, ಬೆಲ್ಲದ ಸಗಟು ಅಂಗಡಿಯೊಂದರ ಮಹಡಿಯ ಮೇಲೆ. ಒಂದು ಕೋಣೆಯಲ್ಲಿ ವೈರಿನ ಸುರುಳಿಗಳು, ಇನ್ನೊಂದರಲ್ಲಿ ಕಂಪ್ಯೂಟರು ಮತ್ತು ನಾನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಅಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದ್ದೆ. ಆದರೆ ಪಾಲಿಟೆಕ್ನಿಕ್ಕಿನಲ್ಲಿ ನಾನು ಮನಸ್ಸಿಟ್ಟು ಕಲಿತದ್ದು ಚರ್ಚಾಸ್ಪರ್ಧೆಯನ್ನು. ವಿಷಯ ಯಾವುದಾದರೂ ಇರಲಿ, ಪರವೋ ವಿರೋಧವೋ ಚೀಟಿ ಎತ್ತಿ ಹೇಳಿಬಿಡಿ, ನಾನು ತಯಾರು. ಈ ಗುಣ ಮನೆಯಲ್ಲಿ ಯಾರಿಗೂ ಹಿಡಿಸುತ್ತಿರಲಿಲ್ಲ. “ಇವ್ಳ ಜೊತೆ ಮಾತಾಡೋದೂ ಒಂದೇ, ಕಲ್ಲಿಗೆ ತಲೆ ಚಚ್ಕೊಳೋದೂ ಒಂದೇ” ಎಂದು ಅಮ್ಮ ಗೊಣಗಿದಾಗ ಮಾವ ಹೇಳಿದ್ದರಂತೆ: “ನನ್ ಹತ್ರ ಕಳ್ಸಕ್ಕ. ಡ್ರಾಯಿಂಗ್ ಜೊತೆ ವಾದ ಮಾಡ್ಕೊಂಡು ಬಿದ್ದಿರ್ತಾಳೆ.”

ತಮಾಷೆಗೆ ಹೇಳಿದ್ದಾದರೂ ಕೆಲಸದ ವರ್ಣನೆ ಸರಿಯಾಗಿಯೇ ಇತ್ತು. ವಿದ್ಯುತ್ ನಕ್ಷೆ ಎಂದರೆ ನನ್ನ ಮಟ್ಟಿಗೆ ಒಂದು ಹೇಳಿಕೆ. ಈ ಗೆರೆ ಇಲ್ಲಿಂದ ಹೊರಟು ಅಲ್ಲಿಗೆ ಹೋಗುತ್ತದೆ ಎಂದು ಯಾರೋ, ಯಾವತ್ತೋ, ಯಾವುದೋ ಮೇಜಿನ ಮುಂದೆ ಕೂತು ಹೇಳಿದ್ದು. ಹೇಳಿದವರು ಗೋಡೆಯೊಳಗೆ ನೋಡಿದ್ದರೇ? ನೋಡಿದ್ದರೂ ಆಮೇಲೆ ಗೋಡೆಯನ್ನು ಯಾರೂ ಒಡೆಯಲಿಲ್ಲವೇ? ಹಾಗಾದರೆ ಅದನ್ನು ನಾನೇಕೆ ನಂಬಬೇಕು?

ಓದುವ ಕ್ರಮವೇನೋ ಕಷ್ಟದ್ದಲ್ಲ. ಹಾಳೆಯ ಮೇಲ್ತುದಿಯಲ್ಲಿ ಬೀದಿಯಿಂದ ಬರುವ ಕರೆಂಟು. ಅಲ್ಲಿಂದ ಮೀಟರು, ಮೇನ್ ಸ್ವಿಚ್ಚು, ಆಮೇಲೆ ಕವಲೊಡೆದು ಒಂದೊಂದೇ ಬೋರ್ಡು. ಎಳೆದಿರುವುದು ಒಂದೇ ಗೆರೆಯಾದರೂ ಅದು ಒಂದೇ ವೈರಲ್ಲ. ಗೆರೆಯ ಮೇಲೆ ಎಷ್ಟು ಓರೆಗೀಟು ಹಾಕಿದೆಯೋ ಅಷ್ಟು ವೈರು. ಎರಡು ಗೆರೆ ಒಂದನ್ನೊಂದು ದಾಟುವ ಕಡೆ ಚುಕ್ಕೆ ಇದ್ದರೆ ಅವು ಕೂಡಿವೆ, ಇಲ್ಲದಿದ್ದರೆ ಸುಮ್ಮನೆ ಹಾದುಹೋಗಿವೆ. ಪುಟ್ಟ ವೃತ್ತದಿಂದ ಬಾಣವೊಂದು ಮೇಲಕ್ಕೆ ಹೊರಟಿದ್ದರೆ ಪೈಪು ಮೇಲಿನ ಅಂತಸ್ತಿಗೆ ಹತ್ತುತ್ತದೆ. ಹೊಸಬರು ಮರೆಯುವ ಇನ್ನೊಂದು ವಿಷಯವಿದೆ: ನಕ್ಷೆಯಲ್ಲಿ ಸ್ವಿಚ್ಚುಗಳನ್ನೆಲ್ಲ ಕರೆಂಟ್ ಇಲ್ಲದ ಸ್ಥಿತಿಯಲ್ಲೇ ಬಿಡಿಸುವುದು ವಾಡಿಕೆ. ಆ ಹಾಳೆಯೊಳಗೆ ಸದಾ ಕರೆಂಟ್ ಹೋಗಿರುತ್ತದೆ.

ದಸರಾ ಮುಗಿದ ಹೊಸತು. ನಜರ್‌ಬಾದಿನಲ್ಲಿ ಮಠವೊಂದರ ವಿದ್ಯಾರ್ಥಿನಿಲಯದ ಕೆಲಸ ನಮಗೆ ಬಂದಿತ್ತು. ಕೆಳಗೆ ಅಡುಗೆಮನೆ, ಊಟದ ಹಾಲು. ಅದರ ಮೇಲೆ ಎರಡು ಅಂತಸ್ತು ಹುಡುಗರ ಕೊಠಡಿಗಳು. ಎರಡೂ ಅಂತಸ್ತಿನ ಓಣಿಯಲ್ಲಿ ಗೋಡೆಗೆ ಕೂರಿಸಿದ್ದ ವೈರ್ ಜೋಡಣೆಯ ಪೆಟ್ಟಿಗೆಗಳು ಕಾದು ಕಮಟು ವಾಸನೆ ಬರುತ್ತಿತ್ತು. ಅವುಗಳ ಒಳಗಿನದನ್ನೆಲ್ಲ ಬದಲಾಯಿಸುವುದು ಮಾವನ ಕೆಲಸ. ನಿಲಯದ ಹಳೆಯ ನಕ್ಷೆಯನ್ನು ಹಿಡಿದು ಕಟ್ಟಡ ಸುತ್ತಿ, ಈಗ ಇರುವುದನ್ನು ಇರುವ ಹಾಗೆ ತಿದ್ದುವುದು ನನ್ನದು. ಅಂದು ಅಲ್ಲಿ ವಿದ್ಯುತ್ ವ್ಯತ್ಯಯವೆಂದು ಪತ್ರಿಕೆಯಲ್ಲಿ ಬಂದಿತ್ತು. ಸಂಜೆಯವರೆಗೆ ಎಂದು ಹಾಕಿದ್ದರು. ನಾವು ಹೋಗುವಷ್ಟರಲ್ಲಿ ಕರೆಂಟ್ ಹೋಗಿತ್ತು. ಹುಡುಗರು ಕಾಲೇಜಿಗೆ ಹೋಗಿದ್ದರು. ಇದ್ದವರು ಅಡುಗೆಯ ಅಯ್ನೋರು ಒಬ್ಬರೇ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಸಿ ಹಿಡಿದ ಟವಲು.

ಹಳೆಯ ನಕ್ಷೆ ಮಡಿಕೆ ಮಡಿಕೆಯಲ್ಲಿ ಹರಿದಿತ್ತು. ಬಿಡಿಸಿದವರ ಸಹಿ ಓದಲು ಬರುತ್ತಿರಲಿಲ್ಲ. ಒಂದು ಸುತ್ತು ಹಾಕುವುದರೊಳಗೆ ನನಗೆ ಬೇಟೆ ಸಿಕ್ಕಿತು. ಮೆಟ್ಟಿಲಿನ ದೀಪಕ್ಕೆ ನಕ್ಷೆಯಲ್ಲಿ ಒಂದೇ ಸ್ವಿಚ್ಚು. ನಿಜದಲ್ಲಿ ಮೇಲೊಂದು, ಕೆಳಗೊಂದು. ನಕ್ಷೆಯಲ್ಲಿ ಉಗ್ರಾಣ ಎಂದಿದ್ದ ಕೋಣೆಯಲ್ಲಿ ಕಂಪ್ಯೂಟರುಗಳು ಕೂತಿದ್ದವು. ಬಚ್ಚಲಿನಲ್ಲಿ ತೋರಿಸಿದ್ದ ಗೀಜರ್ ಇರಲೇ ಇಲ್ಲ. ಅದು ಇದ್ದ ಗುರುತಾಗಿ ಗೋಡೆಯಲ್ಲಿ ತೂತೂ ಇರಲಿಲ್ಲ.

“ಮಾವ, ಇದು ಡ್ರಾಯಿಂಗ್ ಅಲ್ಲ, ಕಾದಂಬರಿ” ಎಂದೆ.

“ಇರ್ಲಿ ಬುಡು. ಪೇಪರ್ ಮೇಲಿನ ಕರೆಂಟ್ ಯಾರ್ಗೂ ಹೊಡಿಯಲ್ಲ.”

“ಅದೇ ಧೈರ್ಯದ ಮೇಲೆ ಬರ್ದಿದಾರೆ, ಬಾಯಿಗೆ ಬಂದಂಗೆ.”

ಮಾವ ನಕ್ಕರು. ಅವರಿಗೂ ನಕ್ಷೆ ಬಿಡಿಸುವವರನ್ನು ಕಂಡರೆ ಅಷ್ಟಕ್ಕಷ್ಟೇ, ಸೊಸೆಯೊಬ್ಬಳನ್ನು ಬಿಟ್ಟು.

ಮೆಟ್ಟಿಲಿನ ಕೆಳಗೆ ಒಂದು ಕತ್ತಲೆ ಕೋಣೆ. ಅಲ್ಲಿ ಮೇನ್ ಸ್ವಿಚ್ಚು, ಅದರ ಪಕ್ಕ ಎರಡು ಬೋರ್ಡು. ಎರಡೂ ಒಂದೇ ಅಳತೆ, ಒಂದೇ ಬೂದುಬಣ್ಣ, ಅವಳಿ ಮಕ್ಕಳ ಹಾಗೆ. ಎರಡರ ಮುಂದೆಯೂ ಸ್ಕ್ರೂ ಬಿಗಿದ ತಗಡಿನ ಮುಚ್ಚಳ. ಮುಚ್ಚಳದ ಕಿಂಡಿಯಿಂದ ಬ್ರೇಕರುಗಳ ಕಪ್ಪು ಕಡ್ಡಿಗಳು ಹೊರಗೆ ಇಣುಕುತ್ತಿದ್ದವು. ಆಯುಧಪೂಜೆಯ ಮೂರು ಎಳೆ ವಿಭೂತಿ ಇನ್ನೂ ಅಳಿಸಿರಲಿಲ್ಲ, ಚೆಂಡುಹೂ ಒಣಗಿ ನೇತಾಡುತ್ತಿತ್ತು. ಮುಚ್ಚಳಗಳ ಮೇಲೆ ಬಿಳಿ ಪೇಂಟಿನಲ್ಲಿ ಚೆನ್ನಾಗಿ ಬರೆದಿದ್ದರು. ಎಡಗಡೆಯದರ ಮೇಲೆ ‘ಅಡುಗೆಮನೆ, ಹಾಲ್, ಪಂಪ್’. ಬಲಗಡೆಯದರ ಮೇಲೆ ‘ಒಂದನೇ ಅಂತಸ್ತು, ಎರಡನೇ ಅಂತಸ್ತು’.

ನಾನು ಟಾರ್ಚ್ ಹಿಡಿದು ನಕ್ಷೆ ನೋಡಿದೆ. ನಕ್ಷೆಯಲ್ಲಿ ಅದು ತಿರುಗುಮುರುಗು. ಎಡಗಡೆಯ ಬೋರ್ಡು ಮೇಲಿನ ಅಂತಸ್ತುಗಳಿಗೆ, ಬಲಗಡೆಯದು ಅಡುಗೆಮನೆಗೆ.

“ಇನ್ನೊಂದ್ ಸಿಕ್ತು!” ಎಂದು ಕೂಗಿದ್ದು ನಾನೇ. “ಎಡ ಬಲಾನೂ ಗೊತ್ತಿಲ್ಲ ಮಾವ, ಈ ಮಹಾನುಭಾವನಿಗೆ.”

ಮಾವ ಬಲಗಡೆಯ ಬೋರ್ಡಿನಲ್ಲಿ ‘ಎರಡನೇ ಅಂತಸ್ತು’ ಎಂದಿದ್ದ ಕಡ್ಡಿಯನ್ನು ಕೆಳಕ್ಕೆ ಎಳೆದರು. ಮೇನನ್ನೂ ಎಳೆಯಲು ಕೈ ಹಾಕಿದಾಗ ಬಾಗಿಲಲ್ಲಿ ನಿಂತಿದ್ದ ಅಯ್ನೋರು ಅಡ್ಡ ಬಂದರು.

“ಅದೊಂದ್ ಬುಟ್ಬುಡಿ ಸ್ವಾಮಿ. ತೊಟ್ಟಿ ಬರಿದಾಗ್ಯದೆ. ಕರೆಂಟ್ ಬಂದ ತಕ್ಷಣ ಪಂಪ್ ಓಡ್ಬೇಕು, ಉಡುಗ್ರು ಊಟಕ್ಕೆ ಬಂದ್ಬುಡ್ತರೆ.”

“ಆಯ್ತು ಅಯ್ನೋರೇ. ನಂಗೆ ಎರಡನೇ ಅಂತಸ್ತು ಸತ್ತಿದ್ರೆ ಸಾಕು.”

ನಾನು ಎರಡೂ ಬೋರ್ಡಿನ ಫೋಟೊ ಹೊಡೆದುಕೊಂಡೆ, ಕೆಳಗೆ ಕೂತು ತಿದ್ದಲು. ಮಾವ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಅಂಗಿಯ ಜೇಬಿಗೆ ಬಿಟ್ಟರು. ಇದು ಅವರ ಕಟ್ಟಳೆ. ಆಫ್ ಮಾಡಿದ ಕೋಣೆಯ ಕೀಲಿ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು. ಅದು ಇನ್ನೊಬ್ಬರ ಕೈಗೆ ಹೋಗಬೇಕೆಂದರೆ ಅವನು ಏಣಿ ಇಳಿದು ನೆಲದ ಮೇಲೆ ನಿಂತಿರಬೇಕು. ಕೆಲಸಕ್ಕೆ ಬರುವ ಎಲ್ಲರಿಗೂ ಮೊದಲ ದಿನವೇ ಇದನ್ನು ಹೇಳುತ್ತಾರೆ. ಮೊಬೈಲನ್ನೂ ಕೆಳಗಿಟ್ಟೇ ಏಣಿ ಹತ್ತುವುದು.

ಎರಡನೇ ಅಂತಸ್ತಿನಲ್ಲಿ ಪೆಟ್ಟಿಗೆ ಬಿಚ್ಚಿ ಟೆಸ್ಟರ್ ಇಟ್ಟರು. ಟೆಸ್ಟರ್ ಉರಿಯಲಿಲ್ಲ. “ನೋಡು, ಸತ್ತದೆ” ಎಂದು ನನಗೂ ತೋರಿಸಿದರು. ನಾನೂ ತಲೆಯಾಡಿಸಿದೆ. ಆಮೇಲೆ ಕೆಳಗಿಳಿದು ಬಂದು ಊಟದ ಹಾಲಿನ ಉದ್ದನೆಯ ಮೇಜಿನ ಮೇಲೆ ನಕ್ಷೆ ಹರಡಿ, ಕೆಂಪು ಪೆನ್ನು ತೆಗೆದೆ.

ಮೊದಲ ಮೂರು ತಪ್ಪು ಖುಷಿಯಿಂದ ತಿದ್ದಿದೆ. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಎಡಗಡೆಯ ಬೋರ್ಡಿನ ಪಕ್ಕ, ನಕ್ಷೆಯಲ್ಲಿ, ಒಂದು ಪುಟ್ಟ ವೃತ್ತವಿತ್ತು. ಅದರಿಂದ ಹೊರಟ ಬಾಣ ಮೇಲಕ್ಕೆ. ಬಲಗಡೆಯದಕ್ಕೆ ಬಾಣವಿಲ್ಲ, ಗೆರೆ ಅಡ್ಡಲಾಗಿ ಗೋಡೆ ದಾಟಿ ಅಡುಗೆಮನೆಗೆ ಹೋಗಿತ್ತು. ಬೋರ್ಡಿನ ಹೆಸರು ಬದಲಿಸುವುದಾದರೆ ಬಾಣವನ್ನೂ ಹೊಡೆದುಹಾಕಬೇಕು. ಹೊಡೆದುಹಾಕುವ ಮೊದಲು ನೋಡಿಬಿಡೋಣ ಎಂದು ಫೋಟೊ ತೆಗೆದು ದೊಡ್ಡದು ಮಾಡಿದೆ.

ಎಡಗಡೆಯ ಬೋರ್ಡಿನ ನೆತ್ತಿಯಿಂದ ಪೈಪುಗಳೆಲ್ಲ ನೆಟ್ಟಗೆ ಮೇಲೆ ಹೋಗಿ ಮೆಟ್ಟಿಲಿನ ಕೆಳಭಾಗದ ಕಾಂಕ್ರೀಟಿನೊಳಗೆ ಮಾಯವಾಗಿದ್ದವು. ಬಲಗಡೆಯದರ ಪೈಪುಗಳು ಪಕ್ಕಕ್ಕೆ ತಿರುಗಿ, ಸೊಂಟದೆತ್ತರದಲ್ಲಿ ಗೋಡೆ ಹೊಕ್ಕಿದ್ದವು. ಆ ಗೋಡೆಯ ಆಚೆ ನಾನು ಕೂತಿದ್ದ ಹಾಲು, ಅದರಾಚೆ ಅಡುಗೆಮನೆ.

ಅಂದರೆ ‘ಅಡುಗೆಮನೆ’ ಎಂದು ಬರೆದಿದ್ದ ಬೋರ್ಡಿನಿಂದ ಪೈಪು ಮಹಡಿಗೆ ಹತ್ತುತ್ತಿತ್ತು. ‘ಎರಡನೇ ಅಂತಸ್ತು’ ಎಂದು ಬರೆದಿದ್ದ ಬೋರ್ಡಿನಿಂದ ಪೈಪು ಅಡುಗೆಮನೆಗೆ ಹೋಗುತ್ತಿತ್ತು.

ಇಲ್ಲಿ ನನ್ನ ಅಭ್ಯಾಸದಂತೆ ನಾನು ನನ್ನ ವಿರುದ್ಧವೇ ವಾದ ಹೂಡಿದೆ. ಪೈಪು ಮೇಲೆ ಹೋಗಿ ಅಟ್ಟದಲ್ಲಿ ಸುತ್ತಿ ಅಡುಗೆಮನೆಗೆ ಇಳಿಯಬಾರದೇಕೆ? ಇಳಿಯಬಹುದು. ನಕ್ಷೆ ಬೇರೆ ಕಡೆ ಸುಳ್ಳು ಹೇಳಿಲ್ಲವೇ? ಹೇಳಿದೆ. ಮುಚ್ಚಳದ ಮೇಲೆ ಬರೆದವನು ಬೋರ್ಡಿನ ಮುಂದೆಯೇ ನಿಂತು ಬರೆದಿದ್ದನಲ್ಲವೇ, ಅವನ ಮಾತಿಗೆ ತೂಕ ಹೆಚ್ಚಲ್ಲವೇ? ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಮಾವ ಟೆಸ್ಟರ್ ಇಟ್ಟು ನೋಡಿದ್ದಾರೆ. ಉರಿಯಲಿಲ್ಲ. ನಾನೇ ಕಂಡಿದ್ದೇನೆ.

ಆ ಕೊನೆಯ ವಾಕ್ಯದ ಮೇಲೆ ಬಂದಾಗ ಪೆನ್ನು ಕೆಳಗಿಟ್ಟೆ.

ಇಡೀ ನಜರ್‌ಬಾದಿನಲ್ಲಿ ಕರೆಂಟಿಲ್ಲ. ಆ ಹೊತ್ತಿಗೆ ಯಾವ ಮನೆಯ ಯಾವ ವೈರಿಗೆ ಟೆಸ್ಟರ್ ಇಟ್ಟಿದ್ದರೂ ಉರಿಯುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಮಾವ ಮೊದಲು ಓಣಿಯ ದೀಪ ಹಚ್ಚಿ, ಕೆಳಗೆ ಬ್ರೇಕರ್ ಎಳೆಸಿ, ದೀಪ ಆರಿತೇ ಎಂದು ನೋಡಿಯೇ ಪೆಟ್ಟಿಗೆ ಮುಟ್ಟುತ್ತಿದ್ದರು. ಕರೆಂಟಿಲ್ಲದ ದಿನ, ಕ್ಷೇಮದ ದಿನ, ಆ ಒಂದು ಪರೀಕ್ಷೆ ಮಾಡಲು ಸಾಧ್ಯವೇ ಇರುವುದಿಲ್ಲ. ಟೆಸ್ಟರ್ ನಮಗೆ ಹೇಳಿದ್ದು ಬೀದಿಯ ಸುದ್ದಿ. ನಾವು ಅದನ್ನು ಪೆಟ್ಟಿಗೆಯ ಸುದ್ದಿ ಎಂದು ಕೇಳಿಸಿಕೊಂಡಿದ್ದೆವು.

ಸಂಜೆಯವರೆಗೆ ಎಂದು ಪತ್ರಿಕೆ ಹೇಳಿದ್ದಕ್ಕೆ ಏನು ಬೆಲೆ? ಈ ಊರಿನಲ್ಲಿ ಎಷ್ಟು ಸಲ ಮಧ್ಯಾಹ್ನಕ್ಕೇ ಬಂದಿಲ್ಲ!

ಅಡುಗೆಮನೆಗೆ ಓಡಿದೆ. ಅಯ್ನೋರು ಬದನೆಕಾಯಿ ಹೆಚ್ಚುತ್ತಿದ್ದರು.

“ಅಯ್ನೋರೇ, ಮೆಟ್ಟಿಲ ಕೆಳಗಿನ ಬೋರ್ಡ್ ಮುಚ್ಚಳ ಇತ್ತೀಚೆಗೆ ಯಾರಾದ್ರೂ ಬಿಚ್ಚಿದ್ರಾ?”

“ಯಾಕ್ ತಾಯಿ? ನಾನೇ ಬಿಚ್ಚಿದ್ನಲ್ಲ, ಆಯುಧಪೂಜೆಗೆ. ಮೇನ್ ಆಫ್ ಮಾಡಿ, ಎರಡೂ ಬಿಚ್ಕಂಡು ಬಂದು ಸೋಪಿನ ನೀರಲ್ಲಿ ತೊಳೆದು ಬಿಸ್ಲಿಗಿಟ್ಟೆ. ಒಗೆ ಇಡ್ದು ಕರಿ ಬಂದಿತ್ತು. ಈಗ ನೋಡಿ, ಎಂಗ್ ಒಳೀತವೆ.”

“ವಾಪಸ್ ಹಾಕೋವಾಗ ಯಾವುದು ಎಡಗಡೇದು, ಯಾವುದು ಬಲಗಡೇದು ಅಂತ…”

ಅವರ ಚಾಕು ನಿಂತಿತು. “ಎರಡೂ ಒಂದೇ ತರ ಅವಲ್ಲವ್ವ. ಸ್ಕ್ರೂ ಸರ್ಯಾಗೇ ಕೂತ್ಕತು.”

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಓಣಿಯ ಕೊನೆಯಲ್ಲಿ ಮಾವ ಏಣಿಯ ಮೇಲಿದ್ದರು. ಪೆಟ್ಟಿಗೆಯೊಳಗೆ ಎರಡೂ ಕೈ. ತುದಿ ಸುಲಿದ ದಪ್ಪ ತಾಮ್ರದ ವೈರನ್ನು ಬಾಗಿಸುತ್ತಿದ್ದರು. ಕೂಗಿದರೆ ಬೆಚ್ಚಿ ಬಿದ್ದಾರು ಎಂದು ಹತ್ತಿರ ಹೋಗಿ ನಿಂತು ಮೆಲ್ಲಗೆ ಹೇಳಿದೆ.

“ಮಾವ, ಕೈ ತೆಗೀರಿ.”

“ಯಾಕೆ?”

“ನೀವು ಆಫ್ ಮಾಡಿರೋದು ಅಡುಗೆಮನೇದು. ಇದಲ್ಲ.”

ಅವರು ತಿರುಗಿಯೂ ನೋಡಲಿಲ್ಲ. “ಯಾರ್ ಹೇಳಿದ್ದು?”

“ಡ್ರಾಯಿಂಗು.”

ಆಗ ತಿರುಗಿದರು. ನಗುತ್ತಿದ್ದರು. “ಯಾವ ಡ್ರಾಯಿಂಗು? ಆ ಕಾದಂಬರಿನಾ?”

ನಾನು ಪೈಪಿನ ವಿಷಯ ಹೇಳಿದೆ. “ಹಳೇ ಬಿಲ್ಡಿಂಗಲ್ಲಿ ಎಲ್ಲಾ ಪೈಪೂ ಮೇಲಕ್ಕೇ ಹೋಗ್ತವೆ, ಆಮೇಲ್ ಎಲ್ಲಿ ಬೇಕೋ ಅಲ್ ಇಳೀತವೆ” ಎಂದರು. ಅಯ್ನೋರು ಮುಚ್ಚಳ ತೊಳೆದ ಕಥೆ ಹೇಳಿದೆ. “ತೊಳೆದ್ರೆ? ಅದಲುಬದಲು ಆಯ್ತು ಅಂತ ಅವ್ರು ಹೇಳುದ್ರಾ?” ಎಂದರು. ಹೇಳಿರಲಿಲ್ಲ. ಸರಿಯಾಗಿ ಹಾಕಿರುವ ಸಾಧ್ಯತೆಯೂ ಅಷ್ಟೇ ಇತ್ತು. ಟೆಸ್ಟರಿನ ವಿಷಯ ಹೇಳಿದೆ. ಅದಕ್ಕೆ ಅವರು ರೇಗಿದರು.

“ನಾನು ಈ ಕೆಲಸಕ್ಕೆ ಬಂದಾಗ ನೀನು ಹುಟ್ಟಿರ್ಲಿಲ್ಲ ಕಣೇ. ಬೆಳಗ್ಗಿಂದ ಈ ಪೇಪರ್ರು ಸುಳ್ಳು, ಬರ್ದೋನು ಸುಳ್ಳ ಅಂತ ಕುಣೀತಿದ್ದೋಳು ನೀನೇ. ಎಡ ಬಲ ಗೊತ್ತಿಲ್ಲ ಅಂದೋಳೂ ನೀನೇ. ಈಗ ಅದೇ ಪೇಪರ್ ಹಿಡ್ಕೊಂಡು ಬಂದಿದೀಯ. ಯಾವ ಕಡೆ ನೀನು?”

ವೇದಿಕೆಯ ಮೇಲೆ ಈ ಪ್ರಶ್ನೆಗೆ ನನ್ನಲ್ಲಿ ಹತ್ತು ಉತ್ತರಗಳಿರುತ್ತಿದ್ದವು. ಮೂರು ಕಡೆ ತಪ್ಪಿದ ಸಾಕ್ಷಿ ನಾಲ್ಕನೆಯ ಕಡೆ ನಿಜ ಹೇಳಬಾರದೆಂದೇನಿಲ್ಲ. ಖಚಿತವಿಲ್ಲದಿದ್ದಾಗ ಪುರಾವೆಯ ಹೊರೆ ಕೈ ಒಳಗಿಡುವವನ ಮೇಲೆ. ಎರಡನ್ನೂ ಹೇಳಿದೆ. ನಾನು ಹೇಳಿದಷ್ಟೂ ಅವರ ಬೆನ್ನು ಸೆಟೆಯಿತು. ನನ್ನ ವಾದ ಗಟ್ಟಿಯಾದಷ್ಟೂ ಅವರ ಕೈ ಪೆಟ್ಟಿಗೆಯೊಳಗೇ ಉಳಿಯಿತು. ನಾನು ಗೆಲ್ಲುತ್ತಾ ಹೋದರೆ ಅವರು ಇಳಿಯುವುದೇ ಇಲ್ಲ ಎಂದು ಅಲ್ಲಿ ನಿಂತು ನನಗೆ ತಿಳಿಯಿತು. ಇಷ್ಟು ಹೊತ್ತೂ ಆ ತಾಮ್ರದ ತುದಿ ಅವರ ಹೆಬ್ಬೆರಳಿಗೆ ತಾಗಿಕೊಂಡಿತ್ತು. ನಾನು ಮಾತಾಡುತ್ತಿದ್ದದ್ದು ಅವರೊಂದಿಗೆ, ನೋಡುತ್ತಿದ್ದದ್ದು ಅದನ್ನು.

“ಸರಿ ಮಾವ” ಎಂದೆ. “ನಾನೇ ತಪ್ಪಿರ್ಬೋದು. ನೀವು ಕೆಲಸ ಮಾಡಿ. ಕೀಲಿ ಕೊಡಿ ಸಾಕು, ಎಡಗಡೇದನ್ನೂ ಒಂದ್ಸಲ ಎಳೆದು ಬಂದ್ಬಿಡ್ತೀನಿ.”

“ತಗೋ” ಎಂದು ಒಂದು ಕೈ ಹೊರಗೆ ತೆಗೆದು ಜೇಬಿಗೆ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ಏಣಿಯ ಮೇಲಿಂದ ಅವರು ಇದುವರೆಗೆ ಯಾರಿಗೂ ಕೀಲಿ ಕೊಟ್ಟವರಲ್ಲ. ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. “ಥೂ, ನಿನ್ನ…” ಎಂದು ಏನೋ ಬೈದರು. ಇನ್ನೊಂದು ಕೈಯೂ ಹೊರಗೆ ಬಂತು. ಒಂದೊಂದೇ ಮೆಟ್ಟಿಲು ಇಳಿದರು.

ನೆಲದ ಮೇಲೆ ನಿಂತ ಮೇಲೂ ಕೀಲಿ ಕೊಡಲಿಲ್ಲ. “ನಡಿ, ನಾನೇ ಬರ್ತೀನಿ. ನೀನು ಹೋಗಿ ಇನ್ನೇನ್ ಎಳೀತೀಯೋ.”

ಕೆಳಗೆ ಬೀಗ ತೆಗೆದು, ಟಾರ್ಚ್ ಬೆಳಕಿನಲ್ಲಿ ಎರಡೂ ಮುಚ್ಚಳ ಬಿಚ್ಚಿದೆವು. ಒಳಗೆ ಎರಡರಲ್ಲೂ ಒಂದೇ ಬಣ್ಣದ ವೈರುಗಳು, ಒಂದೇ ದಪ್ಪ, ಒಂದೇ ಧೂಳು. ನೋಡಿ ಹೇಳುವಂಥದ್ದು ಏನೂ ಇರಲಿಲ್ಲ. ಮಾವ ಪೈಪುಗಳ ಮೇಲೆ ಟಾರ್ಚ್ ಆಡಿಸಿ ಬಹಳ ಹೊತ್ತು ನಿಂತರು. “ಏನೂ ಗೊತ್ತಾಗಲ್ಲ” ಎಂದರು. ಮೊದಲಿನ ಗತ್ತು ಆ ಮಾತಿನಲ್ಲಿರಲಿಲ್ಲ.

“ಮೇನ್?” ಎಂದೆ.

“ಪಂಪು…” ಎಂದು ಹಿಂದಿನಿಂದ ಅಯ್ನೋರು ಶುರು ಮಾಡಿದರು.

“ಪಂಪ್ ಆಮೇಲೆ ಓಡ್ತದೆ ಅಯ್ನೋರೇ” ಎಂದು ಮಾವ ಮೇನನ್ನು ಕೆಳಕ್ಕೆ ಎಳೆದರು. ಮತ್ತೆ ಬೀಗ, ಮತ್ತೆ ಜೇಬು. ಮತ್ತೆ ಮೇಲೆ.

ನಾನೂ ಹಿಂದೆಯೇ ಹೋಗಿ ಏಣಿಯ ಬುಡ ಹಿಡಿದುಕೊಂಡು ನಿಂತೆ. ಹಿಡಿಯುವ ಅಗತ್ಯವಿರಲಿಲ್ಲ. ಮಾವ ಮತ್ತೆ ವೈರು ಬಾಗಿಸತೊಡಗಿದರು. ನನಗೆ ಈಗ ಮೇನ್ ಮೇಲೂ ಅನುಮಾನ ಶುರುವಾಗಿತ್ತು. ಆ ಸ್ವಿಚ್ಚಿನ ಹಿಡಿ ಕೆಳಗೆ ಬಂದದ್ದನ್ನು ನೋಡಿದ್ದೆ. ಅದರೊಳಗಿನ ತುಂಡು ನಿಜವಾಗಿ ಬೇರ್ಪಟ್ಟಿತೋ ಇಲ್ಲವೋ ಯಾರು ನೋಡಿದರು? ಹೇಳಿದರೆ ಮಾವ ಏಣಿಯಿಂದಲೇ ಒದೆಯುತ್ತಾರೆಂದು ಬಾಯಿ ಮುಚ್ಚಿಕೊಂಡೆ.

ಕೆಲಸ ಅರ್ಧ ಆಗಿರಬೇಕು. ಪಕ್ಕದ ಕಾಂಪೌಂಡಿನಲ್ಲಿ ಹಿಟ್ಟಿನ ಗಿರಣಿ ಒಂದು ಸಲ ನರಳಿ, ಆಮೇಲೆ ಗಡಗಡ ಎಂದು ತಿರುಗತೊಡಗಿತು.

ಕರೆಂಟ್ ಬಂದಿತ್ತು.

ಮಾವನ ಕೈಗಳು ಪೆಟ್ಟಿಗೆಯೊಳಗೇ ಇದ್ದವು. ಅವು ಅಲುಗಲಿಲ್ಲ. ನಾನು ಏಣಿಯನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಿದ್ದೆ, ಏಕೋ ಗೊತ್ತಿಲ್ಲ. ಬೀದಿಯಲ್ಲಿ ಯಾರದೋ ಮನೆಯ ಟೀವಿ ಒಮ್ಮೆಲೇ ಕಿರುಚಿತು. ಓಣಿಯ ಫ್ಯಾನುಗಳು ಸುಮ್ಮನಿದ್ದವು. ಮಾವನ ಕುತ್ತಿಗೆಯ ಹಿಂದೆ ಬೆವರಿನ ಒಂದು ಗೆರೆ ಇಳಿಯಿತು. ಆಮೇಲೆ ಅವರು ಬಹಳ ನಿಧಾನವಾಗಿ, ಒಂದೊಂದೇ ಬೆರಳನ್ನು ಬಿಡಿಸಿಕೊಂಡ ಹಾಗೆ, ಕೈಗಳನ್ನು ಹೊರಗೆ ತೆಗೆದು ತಮ್ಮ ಮುಖದ ಮುಂದೆ ಹಿಡಿದು ನೋಡಿಕೊಂಡರು.

“ಮೇನ್ ಆಫ್ ಇದೆ, ಬುಡು” ಎಂದರು. ನನಗಲ್ಲ, ತಮಗೇ.

ಪೆಟ್ಟಿಗೆ ಮುಗಿಸಿ ಮುಚ್ಚಿ, ಏಣಿ ಇಳಿದು, ಓಣಿಯ ದೀಪದ ಸ್ವಿಚ್ ಹಾಕಿದರು. ನೆಲದ ಮೇಲೆ ನಿಂತು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. “ಹೋಗು. ಎಲ್ಲಾ ಬ್ರೇಕರ್ ಎಳೆದು ಮೇನ್ ಹಾಕು. ಮೊದ್ಲು ಬಲಗಡೆ, ನಾನು ಬೆಳಗ್ಗೆ ಎಳೆದಿದ್ದನ್ನ ಹಾಕು. ಆಮೇಲ್ ಎಡಗಡೇದು.”

ನಾನು ಬಲಗಡೆಯ ಬೋರ್ಡಿನ ಆ ಕಡ್ಡಿಯನ್ನು ಮೇಲೆತ್ತಿದೆ. ಮೇಲಿಂದ ಮಾವನ ದನಿ ಬರಲಿಲ್ಲ. ಅಡುಗೆಮನೆಯಿಂದ ಅಯ್ನೋರು ಕೂಗಿಕೊಂಡರು: “ಅಯ್ಯಯ್ಯೋ, ಗ್ರೈಂಡರ್ ತಿರುಗ್ತಾ ಅದೆ! ಯಾರವ್ವ ಆಕಿದ್ದು?”

ಅದನ್ನು ಆರಿಸಿ ಎಡಗಡೆಯದನ್ನು ಎತ್ತಿದೆ. ಮೆಟ್ಟಿಲ ಕತ್ತಲೆಯಲ್ಲಿ ನಿಂತು ಕಾದೆ.

“ಬಂತು” ಎಂದು ಮಾವ ಮೇಲಿಂದ ಕೂಗಿದರು.